ಬೆಣ್ಣೆಯ ನಾಲ್ಕು ಮೂಲೆ

ಬೆಣ್ಣೆಯ ಮೇಲೆ ಮೊದಲ ಏಟು ಬಿದ್ದ ಕೂಡಲೇ ಕೆಳಗಿನ ಮನೆಯ ಹೊಲಿಗೆ ಯಂತ್ರ ನಿಂತಿತು, ಎರಡನೆಯ ಏಟಿಗೆ ಕಿಟಕಿ ತೆರೆದ ಸದ್ದು, ಮೂರನೆಯದಕ್ಕೆ ಏನೂ ಇಲ್ಲ — ದರ್ಜಿ ಅಕ್ಕ ಉಸಿರು ಬಿಗಿಹಿಡಿದು ಚಾವಣಿ ನೋಡುತ್ತಿರಬೇಕು, ಹೊಡೆಯುವವನು ಸತ್ತು ಐದು ದಿನವಾಯಿತು, ಈಗ ಮೇಲೆ ಯಾರು ಯಾರನ್ನು ಹೊಡೆಯುತ್ತಿದ್ದಾರೆ ಎಂದು. ನಾನು, ಅಕ್ಕ, ಬೆಣ್ಣೆಯನ್ನು. ಫ್ರಿಜ್ಜಿನಿಂದ ತೆಗೆದ ಬೆಣ್ಣೆ ಕಲ್ಲಿನ ಹಾಗಿರುತ್ತದೆ, ಎರಡು ಕಾಗದಗಳ ನಡುವೆ ಇಟ್ಟು ಲಟ್ಟಣಿಗೆಯಿಂದ ಬಡಿಯಬೇಕು, ಲಟ್ಟಿಸಿದರೆ ಸೀಳುತ್ತದೆ, ಬಡಿದರೆ ಮಾತ್ರ ಬಗ್ಗುತ್ತದೆ, ತಣ್ಣಗಿರುವಾಗಲೇ ಬಗ್ಗಬೇಕು, ಅದೇ ಇದರ ಮರ್ಮ ಎನ್ನುತ್ತಿದ್ದ ನನ್ನ ಗಂಡ, ಯಾವುದರ ಮರ್ಮ ಎಂದು ನಾನು ಕೇಳುತ್ತಿರಲಿಲ್ಲ. ನೆಂಟರೆಲ್ಲ ನಿನ್ನೆ ಸಂಜೆ ಹೊರಟುಹೋದರು, ಬಾಡಿಗೆಗೆ ತಂದ ಕುರ್ಚಿಗಳೂ ಹೋದವು, ಇವತ್ತು ಮೊದಲ ಮಾಮೂಲಿ ಬೆಳಗು, ಹಾಲಿನವನು ಬಂದ, ನಲ್ಲಿಯಲ್ಲಿ ನೀರು ಬಂತು, ಅತ್ತೆ ಮಂಚದ ಮೇಲೆ ಎದ್ದು ಕೂತು ಹೇಳಿದರು, ಅವನು ಭಾನುವಾರ ಮಾಡ್ತಿದ್ನಲ್ಲ ಆ ಪದರದ್ದು, ಒಂದ್ಸಲ ಮಾಡಿಕೊಡೇ, ಅವನ ಕೈರುಚಿ ನಿನಗೆ ಬಿಟ್ಟರೆ ಇನ್ಯಾರಿಗೆ ಗೊತ್ತು. ಹೌದು ಅತ್ತೆ, ಅವನ ಕೈಯ ರುಚಿ ನನಗೆ ಬಿಟ್ಟರೆ ಇನ್ಯಾರಿಗೆ ಗೊತ್ತು.

ಆ ಪದರದ್ದನ್ನು ಕ್ರೊಸಾಂ ಅನ್ನಬೇಕು, ಬನ್ನು ಅನ್ನಬಾರದು, ಕಾಫಿಯನ್ನು ಅಗಲವಾದ ಬಟ್ಟಲಲ್ಲಿ ಹಾಲು ಹೆಚ್ಚು ಹಾಕಿ ಕೊಡಬೇಕು, ಲೋಟದಲ್ಲಲ್ಲ, ಜಾಮಿಗೆ ಬೇರೆ ಚಮಚ, ಬೆಣ್ಣೆಗೆ ಬೇರೆ ಚಾಕು, ಫ್ರಾನ್ಸಿನವರು ಹೀಗೇ ತಿನ್ನೋದು, ಎಂದು ಯಾವುದೋ ವಿಡಿಯೊ ನೋಡಿ ಕಲಿತಿದ್ದ. ಅವನು ಕಾರ್ಖಾನೆಯಲ್ಲಿ ಅಳತೆ ಪರೀಕ್ಷಕ, ತಯಾರಾಗಿ ಬಂದ ಬಿಡಿಭಾಗಗಳಿಗೆ ಮಾಪಕ ಹಿಡಿದು ಕೂದಲೆಳೆ ವ್ಯತ್ಯಾಸವಿದ್ದರೂ ಪಕ್ಕಕ್ಕೆ ಎಸೆಯುವುದು ಅವನ ಕೆಲಸ, ಆ ಉಕ್ಕಿನ ಸ್ಕೇಲು ಭಾನುವಾರ ನಮ್ಮ ಅಡುಗೆಮನೆಗೂ ಬರುತ್ತಿತ್ತು, ಹಿಟ್ಟು ಆರು ಮಿಲಿಮೀಟರ್, ಬೆಣ್ಣೆ ಆರು ಮಿಲಿಮೀಟರ್, ಒಂದರೊಳಗೆ ಇನ್ನೊಂದನ್ನು ಇಟ್ಟು ಮೂರು ಮಡಿಕೆ, ಅರ್ಧ ಗಂಟೆ ತಂಪು, ಮತ್ತೆ ಮೂರು ಮಡಿಕೆ, ಮತ್ತೆ. ಬೆಣ್ಣೆಯ ಪದರ ಇಪ್ಪತ್ತೇಳಾಯ್ತು ಎಂದೆ ಒಮ್ಮೆ, ಮದುವೆಯಾದ ಹೊಸದು, ಭೂಗರ್ಭಶಾಸ್ತ್ರ ಓದಿದವಳು, ಬೆಟ್ಟಗಳೂ ಹೀಗೇ ಆಗೋದು ಗೊತ್ತಾ, ಎರಡೂ ಕಡೆಯಿಂದ ಒತ್ತಿ ಒತ್ತಿ, ಎಂದು ನಕ್ಕೆ — ನಿನ್ನ ಯೂನಿವರ್ಸಿಟಿ ಬಾಗಿಲ ಹೊರಗೆ ಬಿಟ್ಟು ಬಾ ಎಂದ, ಸ್ಕೇಲಿನ ಅಂಚು ನನ್ನ ಬೆರಳ ಗಂಟುಗಳ ಮೇಲೆ ಬಿತ್ತು, ಒಂದೇ ಏಟು, ಆಮೇಲೆ ಊದಿ ಊದಿ ಮುದ್ದು ಮಾಡಿದ. ಮನೆಯ ಲಟ್ಟಣಿಗೆ ಹಗುರ ಎಂದು ಮೂಲೆಯ ಬೇಕರಿಯಣ್ಣನಿಂದ ಇದನ್ನು ತಂದ, ಹಿಡಿಯಿಲ್ಲದ್ದು, ನನ್ನ ಮುಂಗೈಗಿಂತ ದಪ್ಪ, ಎರಡು ದಿನಕ್ಕೆ ಕೊಡಿ ಅಣ್ಣ ಎಂದಿದ್ದನಂತೆ, ಎರಡು ವರ್ಷವಾಯಿತು. ಭಾನುವಾರ ಅದು ಬೆಣ್ಣೆಗೆ. ಮಿಕ್ಕ ದಿನ ಯಾವಾಗ ಎಂದು ಹೇಳಲಾಗುತ್ತಿರಲಿಲ್ಲ. ಮೆಟ್ಟಿಲಲ್ಲಿ ಸಿಕ್ಕಾಗ ದರ್ಜಿ ಅಕ್ಕ ಕೇಳುತ್ತಿದ್ದರು, ಏನಮ್ಮ, ಬುಧವಾರವೂ ಬೆಣ್ಣೆನಾ, ಪುಣ್ಯವಂತೆ ಬಿಡು, ನಮ್ಮನೆಯವರಿಗೆ ನೀರು ಕಾಯಿಸೋಕೂ ಬರಲ್ಲ — ನಗುತ್ತಿದ್ದರು, ನಾನೂ ನಗುತ್ತಿದ್ದೆ, ಅವರ ಕಣ್ಣು ನನ್ನ ತೋಳಿನ ಮೇಲೆ, ಮತ್ತೆ ಮೇಲೆ ಸದ್ದು ಶುರುವಾದಾಗಲೆಲ್ಲ ಕೆಳಗೆ ಹೊಲಿಗೆ ಯಂತ್ರ ಜೋರಾಗಿ ಓಡುತ್ತಿತ್ತು, ನೂಲಿಲ್ಲದಿದ್ದರೂ ಓಡುತ್ತಿತ್ತು ಎಂದು ನನಗನಿಸುತ್ತದೆ.

ನಾಲ್ಕು, ಐದು, ಆರು. ಕಾಗದ ಹರಿಯಿತು. ಇದು ಅದೇ ಬೆಣ್ಣೆ. ಅವನ ಸಾಮಾನು ಎಂದು ಪೊಲೀಸರು ಕೊಟ್ಟ ಚೀಲದಲ್ಲಿ ಗಾಜೊಡೆದ ಗಡಿಯಾರ, ಬೀಗದಕೈ, ಪರ್ಸು, ಒಂದು ಬೂಟು, ಮತ್ತು ಅರ್ಧ ಕಿಲೋ ಬೆಣ್ಣೆಯ ಪೊಟ್ಟಣ, ಲಾರಿಯ ಹಿಂದಿನ ಚಕ್ರ ಅವನ ಎದೆಯ ಮೇಲೆ ಹೋಗಿದೆ, ಹೆಲ್ಮೆಟ್ಟು ಎರಡು ಹೋಳು, ಪೊಟ್ಟಣದ ಒಂದು ಮೂಲೆಯೂ ನಗ್ಗಿಲ್ಲ, ನಾಲ್ಕು ಮೂಲೆ, ನಾಲ್ಕೂ ನೆಟ್ಟಗೆ. ಅತ್ತೆ ಅದನ್ನು ಒರೆಸಿ ಫ್ರಿಜ್ಜಿನಲ್ಲಿಟ್ಟರು, ತಿನ್ನೋ ಪದಾರ್ಥ ದಂಡ ಮಾಡಬಾರದು ಎಂದು. ಬಂದವರಿಗೆಲ್ಲ ಹೇಳಿದರು, ಹೆಂಡತಿಗೆ ತಿಂಡಿ ಮಾಡಿಕೊಡೋಕೆ ಅಂತ ಬೆಣ್ಣೆ ತರೋಕೆ ಹೋದ ನನ್ನ ಮಗ, ಇವಳು ಬೆಣ್ಣೆ ಹೊರಗೇ ಬಿಟ್ಟು ಮರೆತಿದ್ದಳು, ಕರಗಿಹೋಗಿತ್ತು. ಮರೆತೆ ಎಂದು ನಾನೂ ಹೇಳಿದೆ. ಮರೆತಿರಲಿಲ್ಲ. ಶನಿವಾರ ಊಟದ ತಟ್ಟೆ ಎತ್ತುವಾಗ ಬೆಣ್ಣೆ ಮೇಜಿನ ಮೇಲಿತ್ತು, ಕೈ ಅದರ ತನಕ ಹೋಯಿತು, ತಣ್ಣಗಿನ ಕಾಗದ ಬೆರಳಿಗೆ ತಾಗಿತು, ಒಂದೇ ಒಂದು ಭಾನುವಾರ ಈ ಸದ್ದಿಲ್ಲದೆ ಬೆಳಗಾಗಲಿ ಎನ್ನಿಸಿತು, ಕೈ ಹಿಂದಕ್ಕೆ ಬಂತು, ದೀಪ ಆರಿಸಿದೆ. ಬೆಳಿಗ್ಗೆ ಅವನು ಮೇಜಿನ ಮುಂದೆ ನಿಂತು ಬೆಣ್ಣೆಗೆ ಬೆರಳೊತ್ತಿ ನೋಡಿದ, ಬೆರಳು ಗೆಣ್ಣಿನವರೆಗೂ ಒಳಗೆ ಹೋಯಿತು, ಅಳತೆಗೆ ಬರದ ಬಿಡಿಭಾಗವನ್ನು ನೋಡುವಂತೆ ನನ್ನನ್ನು ನೋಡಿದ, ನಾನು ಮಂಚದ ಅಂಚಿನಲ್ಲಿ ಕೂತು ಜಡೆ ಬಿಚ್ಚುತ್ತಿದ್ದೆ, ಲಟ್ಟಣಿಗೆ ಮೇಲೆದ್ದಿತು, ತಲೆಯ ಮಟ್ಟಕ್ಕೆ, ಯಾವತ್ತೂ ತಲೆಗೆ ಎತ್ತಿದವನಲ್ಲ — ಮತ್ತು ನಾನು ಸರಿದೆ. ಅಷ್ಟೇ. ಎರಡು ವರ್ಷದಲ್ಲಿ ಒಂದೇ ಸಲ, ಒಂದು ಗೇಣು. ಮಂಚದ ಕಬ್ಬಿಣದ ಕಂಬಿ ಝಣ್ಣೆಂದಿತು, ಕೆಳಗೆ ಯಂತ್ರ ಓಡತೊಡಗಿತು, ಅವನು ಲಟ್ಟಣಿಗೆ ಬಿಸಾಡಿ, ಬೆಣ್ಣೆ ತಂದ್ಮೇಲೆ ನೋಡ್ಕೋತೀನಿ ನಿನ್ನ ಎಂದು ಬೀಗದಕೈ ಎತ್ತಿಕೊಂಡ. ನೋಡಿಕೊಳ್ಳಲು ಬರಲಿಲ್ಲ.

ಏಳು, ಎಂಟು, ಹನ್ನೆರಡು, ಎಣಿಕೆ ತಪ್ಪಿತು, ಬೆಣ್ಣೆ ಮೇಜಿಗೆಲ್ಲ ಮೆತ್ತಿಕೊಂಡಿದೆ, ಗೋಡೆಗೆ, ನನ್ನ ಕುತ್ತಿಗೆಗೆ, ನಿಲ್ಲಿಸೇ ಎಂದು ಅತ್ತೆ ಬಾಗಿಲಲ್ಲಿ ನಿಂತಿದ್ದಾರೆ, ಯಾರನ್ನ ಹಾಗೆ ಹೊಡೀತಿದೀಯ. ರವಿಕೆಯ ತೋಳು ಮೇಲಕ್ಕೆ ಮಡಚಿಕೊಂಡಿದ್ದೆ, ಹಳದಿಗೆ ತಿರುಗಿದ ಕಲೆ ಕಾಣುತ್ತಿತ್ತು, ಅವರು ನೋಡಿದರು, ತಿರುಗಿ ಕಿಟಕಿಯ ಕಡೆ ನೋಡಿದರು, ಅವನಪ್ಪನಿಗೂ ಕೈ ಸ್ವಲ್ಪ ಮುಂದು ಎಂದರು, ಮನೆತನದ ಮೂಗಿನ ಬಗ್ಗೆ ಹೇಳುವ ಹಾಗೆ. ಕೆರೆದು ಒಟ್ಟು ಮಾಡಿ ಹಿಟ್ಟಿನೊಳಗೆ ತುಂಬಿ ಮಡಚಿದೆ, ಅಳೆಯಲಿಲ್ಲ, ತಂಪಿಗಿಡಲಿಲ್ಲ, ಓವನ್ನಿನಲ್ಲಿ ಬೆಣ್ಣೆಯೆಲ್ಲ ಹೊರಗೆ ಸೋರಿ ಹೊಗೆಯಾಡಿತು, ಹೊರಬಂದದ್ದು ತಳ ಸುಟ್ಟ ಬನ್ನು. ಅತ್ತೆ ಮುರಿದು ಬಾಯಿಗಿಟ್ಟರು, ಅಗಿದರು, ಕಣ್ಣು ತುಂಬಿಕೊಂಡರು. ಅವನದೇ ರುಚಿ ಕಣೇ. ನಾನು ಬಟ್ಟಲಿನ ಕಾಫಿಯನ್ನು ಲೋಟಕ್ಕೆ ಸುರಿದುಕೊಂಡು ಕುಡಿದೆ.

ಲಟ್ಟಣಿಗೆ ತೊಳೆದು ಒರೆಸಿ ಪೇಪರಿನಲ್ಲಿ ಸುತ್ತಿ ಮೆಟ್ಟಿಲಿಳಿಯುತ್ತೇನೆ, ದರ್ಜಿ ಅಕ್ಕ ಬಾಗಿಲಲ್ಲಿ, ಕೊರಳಲ್ಲಿ ಅಳತೆಪಟ್ಟಿ, ಏನಮ್ಮ ಅದು ಸದ್ದು ಬೆಳಬೆಳಿಗ್ಗೆ. ಬೆಣ್ಣೆ ಅಕ್ಕ, ಇವತ್ತು ನಿಜವಾಗ್ಲೂ ಬೆಣ್ಣೆನೇ. ಅವರು ಅಳತೆಪಟ್ಟಿಯ ತುದಿಯನ್ನು ಬೆರಳಿಗೆ ಸುತ್ತತೊಡಗಿದರು, ಸುತ್ತುತ್ತಲೇ ಇದ್ದರು, ನಾನು ದಾಟಿ ಹೋದೆ. ಬೀದಿ, ಸೈಕಲ್ಲು, ಶಾಲೆಯ ವ್ಯಾನು, ಲಾರಿ ಬಂದಾಗ ಗೋಡೆಗೆ ಒತ್ತಿ ನಿಂತೆ. ಬೇಕರಿಯಣ್ಣನ ಹುಬ್ಬಿನ ತುಂಬ ಮೈದಾ, ಅಯ್ಯೋ ಇದಕ್ಕೋಸ್ಕರ ಈಗ ಬರಬೇಕಿತ್ತೇನಮ್ಮ, ಇರಲಿ ಬಿಡು ಅವನ ನೆನಪಿಗೆ, ಎನ್ನುತ್ತಲೇ ಪೇಪರು ಬಿಚ್ಚಿ ಅಂಗೈಯನ್ನು ಮರದ ಉದ್ದಕ್ಕೂ ಎಳೆದರು, ಮೂವತ್ತು ವರ್ಷ ಕೆಲಸ ಮಾಡಿದ ಕೈ, ನಡುವೆ ಒಂದು ಕಡೆ ನಿಂತಿತು. ಇಲ್ಲೇನಿದು ತಗ್ಗು. ಬೆರಳು ಅದರೊಳಗೆ ಕೂತಿತು. ಬೆಣ್ಣೆಗೆ ಮರ ತಗ್ಗಾಗಲ್ಲ ಕಣಮ್ಮ, ಏನಕ್ಕೆ ಬಡಿದ ಇದನ್ನ. ಬಿದ್ದಿರಬೇಕು ಎನ್ನಬಹುದು, ಗೊತ್ತಿಲ್ಲ ಎನ್ನಬಹುದು, ಅತ್ತೆಯ ಮಗ ಹೆಂಡತಿಗೆ ಬೆಣ್ಣೆ ತರಲು ಹೋಗಿ ಸತ್ತವನಾಗಿಯೇ ಉಳಿಯುತ್ತಾನೆ, ಬ್ರೆಡ್ಡಿಗೆ ಕಾಯುತ್ತಿದ್ದ ಇಬ್ಬರು ನನ್ನನ್ನೇ ನೋಡುತ್ತಿದ್ದಾರೆ. ಮಂಚದ ಕಂಬಿಗೆ ಬಿತ್ತು ಅಣ್ಣ, ಎಂದೆ, ನನ್ನ ತಲೆಗೆ ಎತ್ತಿದ್ದು, ನಾನು ಸರಿದೆ. ದನಿ ಸಾಮಾನ್ಯವಾಗಿಯೇ ಇತ್ತು. ಬೇಕರಿಯಣ್ಣ ಬೆರಳು ತೆಗೆಯಲಿಲ್ಲ, ಒಲೆಯ ಬಿಸಿ ಮುಖಕ್ಕೆ ಬಡಿಯುತ್ತಿದೆ, ನಾನು ಸರಿದೆ, ಬೆಣ್ಣೆ ಮೃದುವಾಗಿತ್ತು, ನಾನು ಬಿಟ್ಟೆ, ನಾನು ಸರಿದೆ, ಅವನು ಸರಿಯಲಿಲ್ಲ, ಚೀಲದೊಳಗೆ ಬೂಟಿನ ಪಕ್ಕ ಪೊಟ್ಟಣ, ನಾಲ್ಕು ಮೂಲೆ, ನಾಲ್ಕೂ ನೆಟ್ಟಗೆ, ನಾಲ್ಕೂ —