ರಿವರ್ಸ್ ಗೇರಿನಲ್ಲಿ ತುತ್ತೂರಿ

ಎಲ್ಲಿಂದ ಶುರು ಮಾಡಲಿ? ಬಾಟಲಿಯಿಂದ ಶುರು ಮಾಡಿದರೆ ನೀತಿಕಥೆ ಎಂದುಕೊಂಡು ನೀವು ಪುಟ ಮಗುಚುತ್ತೀರಿ. ಸಂಗೀತದಿಂದ ಶುರು ಮಾಡಿದರೆ ನನಗೆ ಸ್ವರಜ್ಞಾನವಿಲ್ಲ ಎಂಬುದು ಎರಡನೇ ವಾಕ್ಯಕ್ಕೇ ಬಯಲಾಗುತ್ತದೆ. ಅದಕ್ಕೆ ನಾಯಕನನ್ನೇ ಕರೆತಂದಿದ್ದೇನೆ.

೧

ಅವನು ಬ್ಯಾಂಡ್‌ಸೆಟ್ಟಿನಲ್ಲಿ ಟ್ರಂಪೆಟ್ ಊದುವವನು. ಊರೆಲ್ಲ ಕರೆಯುವುದು ತುತ್ತೂರಿ ಎಂದೇ. ಮೆರವಣಿಗೆಗೆ ಮುಂಚೆ ಧೈರ್ಯಕ್ಕೆ ಕುಡಿಯುತ್ತಿದ್ದ, ನಡುವೆ ದಮ್ಮಿಗೆ, ಆಮೇಲೆ ಸದ್ಯ ಮುಗಿಯಿತಲ್ಲ ಎಂಬ ಸಮಾಧಾನಕ್ಕೆ. ಒಂದು ಸಲ ಮೆರವಣಿಗೆ ಎಡಕ್ಕೆ ತಿರುಗಿದರೂ ಇವನು ಕಣ್ಣುಮುಚ್ಚಿ ಊದುತ್ತಾ ನೇರ ಹೋಗಿ ಬ್ಯಾಂಕಿನ ಗಾಜಿನ ಬಾಗಿಲಿಗೆ ಢಿಕ್ಕಿ ಹೊಡೆದ. ಮುಂದಿನ ಹಲ್ಲು ಅಲ್ಲಾಡಿತು. (ಟ್ರಂಪೆಟ್‌ನವನಿಗೆ ಹಲ್ಲು ಹೋದರೆ ಅನ್ನ ಹೋದಂತೆ.) ಟೈಲರಿಂಗ್ ಮಾಡುವ ಅವನ ಅಕ್ಕ ಅವನನ್ನು ಕೈಹಿಡಿದು ಕರೆದೊಯ್ದು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದಳು.

೨

ಅಲ್ಲಿ ಕುಡಿತ ನಿಂತಿತು. ಹಾಡು ನಿಲ್ಲಬೇಕಲ್ಲ! ಯಾವ ಟ್ಯೂನ್ ತಲೆಗೆ ಬಂದರೂ ಬಾಲ ಹಿಡಿದುಕೊಂಡು ಬಾಯಾರಿಕೆ ಬರುತ್ತಿತ್ತು. ಪ್ರೇಮಗೀತೆ ಗುನುಗಿದರೆ ರಮ್ಮು, ಶೋಕಗೀತೆಗೆ ಬ್ರಾಂಡಿ. ಕುಡಿದ ನೆನಪು ಅಂಟದ ಒಂದಾದರೂ ಟ್ಯೂನ್ ಹುಡುಕು ಎಂದರು ಕೌನ್ಸೆಲರ್ ಮೇಡಂ. ಅವನು ಜೋಗುಳದವರೆಗೂ ತಡಕಾಡಿ ಸೋತ.

ಕೊನೆಗೆ ಸಿಕ್ಕಿತು. ಬೆಳಗ್ಗೆ ಕೇಂದ್ರಕ್ಕೆ ತಿಂಡಿ ತರುವ ವ್ಯಾನು ಅಂಗಳದೊಳಕ್ಕೆ ರಿವರ್ಸ್ ಬರುವಾಗ ಕೀರಲು ದನಿಯಲ್ಲಿ ಒಂದು ಟ್ಯೂನ್ ಬಾರಿಸುತ್ತಿತ್ತು.

"ಇದನ್ನ ಕೇಳಿದ್ರೆ ಬಾಯಾರಲ್ಲ ಮೇಡಂ," ಎಂದ ತುತ್ತೂರಿ, ನಾಚಿಕೊಂಡು. "ಹೊಟ್ಟೆ ಹಸಿಯುತ್ತೆ."

ಅಂದಿನಿಂದ ಅದೇ ಅಭ್ಯಾಸ. ಅವನು ಊದಿದಾಗಲೆಲ್ಲ ಕೇಂದ್ರದವರು ಹಿಂದೆ ನೋಡಿ ಗೋಡೆಗೆ ಸರಿಯುತ್ತಿದ್ದರು. ಅಡುಗೆಯವರು ಗೇಟು ತೆರೆಯಲು ಓಡುತ್ತಿದ್ದರು.

೩ (ಮೊದಲ ಕರಡು. ಹರಿದು ಹಾಕಿದ್ದು.)

ಅವನು ಮನೆಗೆ ಬಂದ ಮೇಲೆ ಅಕ್ಕ ಹೊಸ ಟೈಲರಿಂಗ್ ಅಂಗಡಿ ತೆರೆದಳು. ಉದ್ಘಾಟನೆಗೆ ನೀನೇ ಊದಬೇಕು ಎಂದಳು. ಹಳೇ ಬ್ಯಾಂಡಿನ ಡ್ರಮ್ಮಿನವನು ಡ್ರಮ್ಮಿನ ಹಿಂದಿನಿಂದ ಬಾಟಲಿ ಚಾಚಿದ. ತುತ್ತೂರಿ ಕೈ ಚಾಚಿ ಅದನ್ನು...

"ಸ್ವಲ್ಪ ನಿಲ್ಸಿ," ಎಂದ ತುತ್ತೂರಿ, ನನಗೆ. "ನಿಮ್ಮ ಕಥೆ ಚೆನ್ನಾಗಿ ಬರ್ಲಿ ಅಂತ ನಾನು ಕುಡೀಬೇಕಾ?"

ಪತನವಿಲ್ಲದೆ ಓದುಗರಿಗೆ ರುಚಿಸುವುದಿಲ್ಲ ಎಂದು ಸಮಜಾಯಿಷಿ ಕೊಟ್ಟೆ. ಓದುಗರು ಬಂದು ನನ್ನ ವಾಂತಿ ಬಳೀತಾರಾ ಎಂದು ಕೇಳಿದ. ನಾನು ಹಾಳೆ ಹರಿದೆ. (ಬಳಿಯುವವರಿದ್ದರೆ ತಿಳಿಸಿ.)

ಎರಡನೇ ಕರಡಿನಲ್ಲಿ ಅವನು ದಿವ್ಯವಾಗಿ ಊದಿದ, ಬೀದಿಗೆ ಬೀದಿಯೇ ಕಣ್ಣೀರಿಟ್ಟಿತು. ಅಕ್ಕ ಅದನ್ನು ಓದಿ, ಇವನು ಯಾವತ್ತು ಹಾಗೆ ಊದಿದ್ದ ಎಂದು ನಕ್ಕಳು. ಅದೂ ಹೋಯಿತು.

೪

ನಡೆದದ್ದಿಷ್ಟು. ಬಾಟಲಿ ಚಾಚಿದ್ದು ನಿಜ. ತುತ್ತೂರಿಗೆ ಬಾಯಾರಿದ್ದೂ ನಿಜ. ಅವನು ಬಾಟಲಿಯನ್ನೇ ನೋಡುತ್ತಾ ನಿಂತ. ಅಕ್ಕ ಬಾಗಿಲಲ್ಲಿ ರಿಬ್ಬನ್ ಕತ್ತರಿಸಲು ಕತ್ತರಿ ಹಿಡಿದು ನಿಂತಿದ್ದಳು. ನಾನೂ ಬರೆಯುವುದನ್ನು ನಿಲ್ಲಿಸಿದ್ದೆ.

ತುತ್ತೂರಿ ಟ್ರಂಪೆಟ್ ಎತ್ತಿ ವ್ಯಾನಿನ ಟ್ಯೂನ್ ಊದಿದ.

ಸೇರಿದ್ದ ಜನರೆಲ್ಲ ಗಾಬರಿಯಿಂದ ಹಿಂದೆ ಸರಿದರು. ಡ್ರಮ್ಮಿನವನೂ ಸರಿದ, ಸರಿಯುವ ಭರದಲ್ಲಿ ಮೆಟ್ಟಿಲು ತಪ್ಪಿ ತನ್ನ ಡ್ರಮ್ಮಿನ ಮೇಲೆಯೇ ಕೂತ. ಬಾಟಲಿ ಮೋರಿಗೆ ಉರುಳಿತು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ತುತ್ತೂರಿ ನಗಲಿಲ್ಲ, ಮೋರಿಯ ಕಡೆ ಒಮ್ಮೆ ನೋಡಿದ. ಆಮೇಲೆ ಎರಡು ಪ್ಲೇಟು ತಿಂಡಿ ತಿಂದ.

೫

ಈಗ ಮುಕ್ತಾಯ. ಅವನು ಮತ್ತೆಂದೂ ಕುಡಿಯಲಿಲ್ಲ ಎನ್ನಲೇ? ಮುಂದಿನ ವಾರವೇ ಜಾರಿದ ಎನ್ನಲೇ? ನಿನಗೆ ಯಾವುದು ಒಪ್ಪಿಗೆ ಎಂದು ಅವನನ್ನೇ ಕೇಳಲು ಅಂಗಡಿಗೆ ಹೋದೆ. ಅಕ್ಕ ಅವನ ಎದೆಗೆ ಟೇಪು ಸುತ್ತಿ ಹೊಸ ಶರ್ಟಿಗೆ ಅಳತೆ ತೆಗೆಯುತ್ತಿದ್ದಳು. ಕೇಂದ್ರದ ಊಟಕ್ಕೆ ಮೈ ಬಂದಿತ್ತು, ಹಳೇ ಅಳತೆ ಆಗುತ್ತಿರಲಿಲ್ಲ.

"ಅಲ್ಲಾಡ್ಬೇಡ," ಎಂದಳು. "ಇನ್ನೂ ದಪ್ಪ ಆಗ್ತೀಯೋ ಸಣ್ಣ ಆಗ್ತೀಯೋ ಯಾರಿಗ್ಗೊತ್ತು. ಹೊಲಿಗೆ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರ್ತೀನಿ."