ಊಟದ ಬಾಬ್ತು

ನಾರ್ತ್ ಕ್ಯಾರೊಲಿನಾದ ಒಂದು ಮೂಲನಿವಾಸಿ ಊರಿನಲ್ಲಿ ನಶೆ ಬಿಡಿಸುವ ಕೇಂದ್ರ ನಡೆಸುತ್ತಿದ್ದವಳು ಲೊರೇನ್ ಎಂಬ ಅಜ್ಜಿ. ಬೆಂಕಿಯ ಸುತ್ತ ಕೂತು ಪ್ರಾರ್ಥನೆ, ಹಾಡು, ಆಮೇಲೆ ಮನೆಮಂದಿಯೆಲ್ಲ ಸೇರಿ ಊಟ. ಅವರ ಚಿಕಿತ್ಸೆಯೇ ಅದು. ಸರ್ಕಾರಿ ಅನುದಾನದ ಪರಿಶೀಲನೆಗೆಂದು ವಾಷಿಂಗ್ಟನ್ ಬಳಿಯ ಶ್ಯಾಂಟಿಲಿಯಿಂದ ಹೋದ ಯಾಮಿನಿ ಅಲ್ಲಿ ಮತ್ತೆ ಮತ್ತೆ ಬಡಿಸಿಕೊಂಡು ಉಂಡಳು. ವಾಪಸು ಬಂದವಳೇ, ಊಟ ಚಿಕಿತ್ಸೆಯಲ್ಲ ಎಂಬ ನಿಯಮ ಹಿಡಿದು ಅನುದಾನದಿಂದ ಊಟದ ಖರ್ಚಿನ ಬಾಬ್ತನ್ನೇ ಹೊಡೆದುಹಾಕಿದಳು. ಬಿಸಿಬೇಳೆಬಾತ್ ಇಲ್ಲದಿದ್ದರೆ ಕನ್ನಡ ಕೂಟಕ್ಕೆ ಒಂದು ನರಪಿಳ್ಳೆಯೂ ಬರುವುದಿಲ್ಲವೆಂದು ಪ್ರತಿ ಯುಗಾದಿಗೂ ಹಟ ಹಿಡಿಯುವವಳೂ ಇವಳೇ.

ಚಳಿಗಾಲದ ಹೊತ್ತಿಗೆ ಕೇಂದ್ರ ಬಿಕೋ ಎನ್ನತೊಡಗಿತು. ಜನ ಯಾಕೆ ಬರುತ್ತಿಲ್ಲವೆಂದು ಚರ್ಚಿಸಲು ವಾಷಿಂಗ್ಟನ್ನಿನಲ್ಲಿ ಮೀಟಿಂಗ್ ಕರೆದರು. ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

"ಇಷ್ಟೊಂದು ಜನ ಯಾಕ್ ಬಂದಿದಾರೆ ಅಂಕಲ್?" ಹಿರಿಯ ಸಹೋದ್ಯೋಗಿ ಶೇಷಾದ್ರಿಯನ್ನು ಯಾಮಿನಿ ಕೇಳಿದಳು.

"ಈಮೇಲ್ ನೋಡ್ಲಿಲ್ವೇನಮ್ಮ? ಲಂಚ್ ಪ್ರೊವೈಡ್ ಮಾಡ್ತೀವಿ ಅಂತ ಹಾಕಿದ್ರಲ್ಲ. ತಗೋ, ಇದು ವೆಜ್ಜು."

ಯಾಮಿನಿ ಡಬ್ಬಿ ಬಿಚ್ಚಿ ತಿಂದಳು. ಅಷ್ಟರಲ್ಲಿ ಅಧ್ಯಕ್ಷರು ಅವಳ ಕಡೆ ತಿರುಗಿ, ಕಣ್ಣಾರೆ ಕಂಡು ಬಂದವರು ನೀವು, ಅಲ್ಲಿಯ ಜನಕ್ಕೆ ಏನಾಗಿದೆ ಎಂದು ಕೇಳಿದರು.

"ಅವರಿಗೆ ಮೋಟಿವೇಶನ್ ಕಮ್ಮಿ," ಎಂದಳು ಯಾಮಿನಿ, ಬಾಯಿ ಒರೆಸಿಕೊಳ್ಳುತ್ತ.