ಲ್ಹಾಸಾಕ್ಕೆ ಮುನ್ನ ಮೂರು ಹಗಲು

ಲ್ಹಾಸಾ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಅವರು ಹೇಳಿದ್ದು ಹಾಸಿಗೆಯ ಮಾತು ಎಂದು ಯಾರಾದರೂ ತಕರಾರು ತೆಗೆದರೆ ತೆಗೆಯಲಿ. ಈ ಕಥೆಯಲ್ಲಿ ಎರಡೂ ಬರುತ್ತವೆ. ಕಥೆ ಮಾತ್ರ ನಿಜ. ನಂಬಿಕೆ ಬಾರದವರು ಶಹಾಪುರದ ಗುಡ್ಡದ ಮೇಲಿನ ಬುದ್ಧನನ್ನೇ ಕೇಳಬಹುದು. ಬಂಡೆಗಳೇ ಮೂಗು, ಎದೆ, ಪಾದವಾಗಿ ಅಂಗಾತ ಮಲಗಿರುವ ಆತ ಲಾಲಮ್ಮನ ಅಂಗಳಕ್ಕೆ ನೇರ ಕಾಣುತ್ತಾನೆ. ನಡೆದದ್ದನ್ನೆಲ್ಲ ನೋಡಿದ್ದಾನೆ, ಎದ್ದು ಬಂದು ಸಾಕ್ಷಿ ಹೇಳುವುದೊಂದೇ ಬಾಕಿ.

ಶಹಾಪುರದಲ್ಲಿ ಹಗಲು ಹೊತ್ತು ಮಲಗುವ ಹಕ್ಕು ಇರುವುದೂ ಆತನೊಬ್ಬನಿಗೇ. ಲಾಲಮ್ಮನಿಗಂತೂ ಇರಲಿಲ್ಲ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೂವತ್ತೊಂದು ವರ್ಷ ಅಡುಗೆ ಮಾಡಿ ನಿವೃತ್ತಳಾದವಳು ಆಕೆ. ಆ ಅಡುಗೆಮನೆಯ ಗೋಡೆಗೆ ಯಾವಳೋ ಹುಡುಗಿ ಲ್ಹಾಸಾದ ಅರಮನೆಯ ಚಿತ್ರವೊಂದನ್ನು ಅಂಟಿಸಿ ಹೋಗಿದ್ದಳು. ಒಗ್ಗರಣೆಯ ಹೊಗೆ ಕುಡಿದು ಚಿತ್ರ ವರ್ಷದಿಂದ ವರ್ಷಕ್ಕೆ ಕಪ್ಪಾಯಿತು. ಅದು ಪೂರ್ತಿ ಅಳಿಸಿಹೋಗುವ ಮುಂಚೆ ನಿಜವಾದದ್ದನ್ನು ನೋಡಬೇಕು ಎಂಬುದು ಲಾಲಮ್ಮನ ಒಂದೇ ಒಂದು ಆಸೆ.

ಯಾದಗಿರಿ ಸ್ಟೇಷನ್ ಎದುರಿಗೆ ಪ್ರವಾಸದ ಕಚೇರಿ ಇಟ್ಟಿರುವ ಸಂಗಮನಾಥ, ಚೀನಾದ ಆ ಊರಿಗೆ ಎಂಟು ಜನರ ತಂಡ ಕಟ್ಟುತ್ತಿದ್ದಾನೆಂದು ತಿಳಿದದ್ದೇ ಆಕೆ ಹೆಸರು ಬರೆಸಿದಳು. ಆತ ಕೊಟ್ಟ ಹಾಳೆಯಲ್ಲಿ ಆರು ದಿನದ ವಿವರ ಇತ್ತು. ಮೊದಲ ದಿನ ವಿಶ್ರಾಂತಿ. ಎರಡನೆಯ ದಿನವೂ ವಿಶ್ರಾಂತಿ, ಸಂಜೆ ಬೇಕಾದರೆ ಓಣಿಯ ತುದಿಯವರೆಗೆ ನಡಿಗೆ. ಮೂರನೆಯ ದಿನ ಹಳೇ ಪೇಟೆ, ನಿಧಾನವಾಗಿ. ನಾಲ್ಕಕ್ಕೆ ಅರಮನೆ, ನಡುನಡುವೆ ಕುಳಿತು. ಐದಕ್ಕೆ ಚಹಾ ಕುಡಿಯುತ್ತ ಸುಮ್ಮನೆ ಇರುವುದು. ಆರಕ್ಕೆ ವಾಪಸ್. ಊರು ಹನ್ನೆರಡು ಸಾವಿರ ಅಡಿ ಎತ್ತರದಲ್ಲಿದೆ, ಗಾಳಿ ತೆಳು, ಅವಸರ ಮಾಡಬೇಡಿ ಎಂದು ಕೆಳಗೆ ಕೆಂಪು ಅಕ್ಷರದಲ್ಲಿ ಬರೆದಿತ್ತು. ಬುಧವಾರ ಸಂಜೆ ಐದಕ್ಕೆ ಹೆಸರುಗಳು ಪಕ್ಕಾ ಆಗಬೇಕಿತ್ತು, ಆಮೇಲೆ ಸೇರಿಸುವಂತಿಲ್ಲ.

“ಎರಡು ದಿನ ಬರೇ ಮಲಗೂದಾ?” ಲಾಲಮ್ಮ ಅಕ್ಕನ ಮಗ ಭೀಮರಾಯನಿಗೆ ಹಾಳೆ ತೋರಿಸಿದಳು. “ಮಲಗಾಕ ಅಷ್ಟು ದೂರ ಯಾಕ ಹೋಗಬೇಕೋ ಭೀಮ್ಯಾ? ಶಹಾಪುರದಾಗ ಹಾಸಿಗಿ ಸಿಗಂಗಿಲ್ಲೇನು?”

ಪೆನ್ಸಿಲ್ ತೆಗೆದುಕೊಂಡು ವಿಶ್ರಾಂತಿಯ ಮೇಲೆಲ್ಲ ಅಡ್ಡಗೆರೆ ಎಳೆದಳು. ಬದಿಗೆ ಬರೆದಳು: ಬೆಳಗಿನ ನಾಲ್ಕಕ್ಕೆ ಏಳುವುದು, ಐದಕ್ಕೆ ಉಪ್ಪಿಟ್ಟು, ಆರಕ್ಕೆ ಅರಮನೆ. “ಅಲ್ಲಿ ಬ್ಯಾಳಿ ಲಗೂ ಬೇಯಂಗಿಲ್ಲಂತ. ಕುಕ್ಕರ್ ಒಯ್ತೀನಿ. ಎಂಟು ಮಂದಿ ಅಡಗಿ ನನಗ್ಯಾವ ಲೆಕ್ಕ.”

ಸುರಪುರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದ ಭೀಮರಾಯನಿಗೆ ಸಂಬಳ ತಡವಾಗಿ ಬರುತ್ತಿತ್ತು, ಬೇರೆಯವರ ದನಿ ಮಾತ್ರ ತಕ್ಷಣ ಬರುತ್ತಿತ್ತು. ಪ್ರಾಂಶುಪಾಲರು, ಬಸ್ಸಿನ ಕಂಡಕ್ಟರ್, ಎಲ್ಲರೂ ಅವನ ಗಂಟಲಿನಲ್ಲಿ ಬಾಡಿಗೆಗೆ ಇದ್ದರು. ಸೋಮವಾರ ಬೆಳಿಗ್ಗೆ ಕಾಲೇಜಿನ ಕಚೇರಿಯ ಫೋನಿನಿಂದ ಚಿಗವ್ವ ಲಾಲಮ್ಮನಿಗೆ ಕರೆ ಮಾಡಿ ಅವನು ಸಂಗಮನಾಥನಾದ. ಮೂಗು ಕಟ್ಟಿದ ದನಿ, ಮಾತಿಗೊಮ್ಮೆ ಟೆನ್ಶನ್.

“ಟೆನ್ಶನ್ ತಗೋಬ್ಯಾಡ್ರಿ ಅವ್ವಾರ. ಅರವತ್ತು ದಾಟಿದವರಿಗೆ ಒಂದು ಪರೀಕ್ಷಾ ಅದ. ಇವತ್ತಿಂದ ಮೂರು ಹಗಲು ಮನ್ಯಾಗ ಮಲಗಬೇಕು. ಒಲಿ ಮುಂದ ಹೋಗಂಗಿಲ್ಲ, ಕಸಬರಿಗಿ ಮುಟ್ಟಂಗಿಲ್ಲ, ಜೋರು ಮಾತಾಡಂಗಿಲ್ಲ. ಬುಧವಾರ ಐದಕ್ಕ ಮುಗೀತದ.” ಅಲ್ಲಿಗೇ ನಿಲ್ಲಿಸಿದ್ದರೆ ಕೆಡುತ್ತಿರಲಿಲ್ಲ. ಕಲಾವಿದನ ಚಪಲ, ಕೊನೆಗೊಂದು ಚಿತ್ತಾರ ಬಿಡಿಸಿದ: “ನಡುವ ಯಾರಾದ್ರೂ ಬಂದು ಇದು ಸುಳ್ಳು, ಏಳ್ರಿ ಅಂದ್ರ ಏಳಬ್ಯಾಡ್ರಿ. ಅದೂ ಪರೀಕ್ಷಾದಾಗಿಂದೇ.”

ಚಿಗವ್ವ ಅರ್ಧ ತಾಸು ಮಲಗಿ, ತಾಳಲಾರದೆ ಎದ್ದು, ಸಂಗಮನಾಥನಿಗೆ ಫೋನ್ ಮಾಡಿ ಬೈಯುತ್ತಾಳೆ ಎಂದುಕೊಂಡ. ಪಾಠಕ್ಕೆ ಹೋದ, ಮರೆತ.

ಮಂಗಳವಾರ ಮಧ್ಯಾಹ್ನ ಲಾಲಮ್ಮನ ಗಂಡ, ಕಾಕಾ ಚಂದ್ರಾಮಪ್ಪನ ಫೋನ್ ಬಂತು. “ಲಗೂ ಬಾರೋ. ನಿಮ್ಮ ಚಿಗವ್ವ ಮಲಗ್ಯಾಳ.”

“ಮಲಗ್ಯಾಳ ಅಂದ್ರ?”

“ಹಗಲು ಹೊತ್ತಿನ್ಯಾಗ ಮಲಗ್ಯಾಳೋ,” ಎಂದ ಕಾಕಾನ ದನಿ ಒಡೆಯಿತು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವನು ಅಂಥದ್ದನ್ನು ನೋಡಿರಲಿಲ್ಲ.

ಪರೀಕ್ಷೆಯ ಸಂಗತಿಯನ್ನು ಲಾಲಮ್ಮ ಗಂಡನಿಗೂ ಹೇಳಿರಲಿಲ್ಲ. ಕೆಲಸ ಕೈಗೂಡುವ ಮುಂಚೆ ಬಾಯಿಬಿಟ್ಟರೆ ಕೆಡುತ್ತದೆ ಎಂಬುದು ಆ ಕಡೆಯ ನಂಬಿಕೆ. ಚಂದ್ರಾಮಪ್ಪನಿಗೆ ಹೇಳುವುದೂ ಓಣಿಗೆ ಡಂಗುರ ಸಾರುವುದೂ ಒಂದೇ. ಪ್ರವಾಸದ ಸುದ್ದಿಯನ್ನೇ ಅವನ ಹೊಟ್ಟೆಯಲ್ಲಿ ಇಡಿಸಲು ಆಕೆ ಆಣೆ ಹಾಕಿಸಿದ್ದಳು. ಈಗ ಓಣಿಗೆ ತಿಳಿದದ್ದು ಇಷ್ಟೇ: ಲಾಲಮ್ಮ ಮಲಗಿದ್ದಾಳೆ, ಮಾತಿಲ್ಲ. ಮಲಗಿದವರನ್ನು ಮಾತಾಡಿಸಿ ಬರುವುದು ಓಣಿಯ ಕಟ್ಟಳೆ. ಯಾರೂ ಬರಿಗೈಯಲ್ಲಿ ಬರುವುದಿಲ್ಲ.

ಭೀಮರಾಯ ಬಂದಾಗ ಮಂಚದ ತುಂಬ ಬ್ರೆಡ್ಡು, ಬಿಸ್ಕೀಟು, ಮೋಸಂಬಿ. ನಡುವೆ ಲಾಲಮ್ಮ, ಗುಡ್ಡದ ಬುದ್ಧನಂತೆಯೇ ಅಂಗಾತ. ಪಕ್ಕದ ಮನೆಯ ಗೊಲ್ಲಾಳಮ್ಮ ತಲೆದಿಂಬಿನ ಹತ್ತಿರ ಕುಳಿತು, ಹೀಗೇ ಮಲಗಿ ಮತ್ತೆ ಏಳದವರ ಪಟ್ಟಿಯನ್ನು ಓಣಿ ಓಣಿಯಾಗಿ ಹೇಳುತ್ತಿದ್ದಳು. ಆಟೋ ಓಡಿಸುವ ಖಾಜಾಮಿಯಾ ದರ್ಗಾದ ದಾರವೊಂದನ್ನು ಆಕೆಯ ಕೈಗೆ ಕಟ್ಟಿ, “ತಬಿಯತ್ ಖರಾಬ್ ಆಗ್ಯಾದ, ನಜರ್ ಬಿದ್ದದ,” ಎಂದು ತೀರ್ಪು ಕೊಟ್ಟ. ಒಳಗೆ ಚಂದ್ರಾಮಪ್ಪ ಇಟ್ಟ ಹಾಲು ಉಕ್ಕಿ ಒಲೆಗೆ ಬಿತ್ತು. ಸೀದ ವಾಸನೆಗೆ ಕೌದಿಯ ಕೆಳಗೆ ಲಾಲಮ್ಮನ ಹೆಬ್ಬೆರಳು ಮಡಚಿಕೊಂಡಿತು. ಏಳಲಿಲ್ಲ.

ಭೀಮರಾಯ ಬಗ್ಗಿ ಕಿವಿಯಲ್ಲಿ ಹೇಳಿದ, “ಚಿಗವ್ವ, ಏಳು. ಫೋನ್ ಮಾಡಿದಾಂವ ನಾನೇ. ಪರೀಕ್ಷಾ ಗಿರೀಕ್ಷಾ ಏನೂ ಇಲ್ಲ.”

ಲಾಲಮ್ಮ ಒಂದು ಕಣ್ಣು ತೆರೆದು ಪಿಸುಗುಟ್ಟಿದಳು, “ಹಿಂಗ ಯಾರರೆ ಬಂದು ಹೇಳ್ತಾರಂತ ಸಂಗಮನಾಥ ಮೊದಲೇ ಹೇಳ್ಯಾನ. ನಿನಗ ಎಷ್ಟು ಕೊಟ್ಟಾನೋ ಹೊಲಸ್ಯಾ?” ಕಣ್ಣು ಮುಚ್ಚಿಕೊಂಡಳು.

ತಾನೇ ಹಾಕಿದ ಬೀಗ, ಕೀಲಿ ಒಳಗೇ ಬಿಟ್ಟು ಬಂದವನ ಸ್ಥಿತಿ.

ಬುಧವಾರ ಬೆಳಿಗ್ಗೆ ಕಾಕಾನ ಮುಂದೆ ತಪ್ಪೊಪ್ಪಿಕೊಂಡ. ನಂಬಲಿ ಎಂದು ಸಂಗಮನಾಥನ ದನಿಯನ್ನೂ ತೆಗೆದು ತೋರಿಸಿದ. ಹಿಟ್ಟಿನ ಕೈಯಲ್ಲೇ ಚಂದ್ರಾಮಪ್ಪ ಅವನನ್ನು ದುರುಗುಟ್ಟಿ ನೋಡಿದ. “ನನಗ ಸಮಾಧಾನ ಮಾಡಾಕ ಕಥಿ ಕಟ್ಟಬ್ಯಾಡ. ಆಕಿ ಜೀವ ಹೋಗಾಕತ್ತದ, ನಿನಗ ನಾಟಕಾ ಬೇಕಾಗ್ಯಾದ. ಇಂಥ ಮೈಯಾಗ ಚೀನಾಕ್ಕ ಯಾರು ಕಳಸ್ತಾರ? ಹೆಸರು ತಗಸ್ತೀನಿ ಇವತ್ತ.”

ಭೀಮರಾಯ ನಿಜವಾದ ಸಂಗಮನಾಥನಿಗೆ ಇಪ್ಪತ್ತು ಸಲ ಫೋನ್ ಮಾಡಿದ. ಕೊನೆಯ ದಿನ, ಊರವರೆಲ್ಲ ಅವನಿಗೇ ಫೋನ್ ಹಚ್ಚಿದ್ದರು. ಲೈನು ಸಿಗಲೇ ಇಲ್ಲ. ಊರಿನ ದನಿಗಳೆಲ್ಲ ಗಂಟಲಲ್ಲಿ ಇದ್ದವು, ಯಾರಾದರೂ ನಂಬುವಂಥ ಒಂದು ದನಿ, ತನ್ನದೇ ಆದದ್ದು, ಇರಲಿಲ್ಲ. ಚಿಗವ್ವನ ಎಷ್ಟೋ ವರ್ಷದ ಆಸೆ ತನ್ನ ಎರಡು ನಿಮಿಷದ ಚೇಷ್ಟೆಗೆ ಸಿಕ್ಕಿ ಸಾಯುವುದನ್ನು ಹೊಸ್ತಿಲ ಮೇಲೆ ಕುಳಿತು ನೋಡಿದ.

ಐದಕ್ಕೆ ಕಾಲು ಗಂಟೆ ಇದ್ದಾಗ ಚಂದ್ರಾಮಪ್ಪನಿಗೆ ಲೈನು ಸಿಕ್ಕಿತು. ಕಿವಿ ಮಂದವಾದ್ದರಿಂದ ಸ್ಪೀಕರ್ ಹಾಕಿದ.

“ಸಂಗಮನಾಥರ, ನಮ್ಮಾಕಿ ಹೆಸರು ತಗೀರಿ.”

ಲಾಲಮ್ಮನ ಕಣ್ಣುಗಳು ಅಗಲವಾದವು. ಜೋರು ಮಾತು ಆಡುವಂತಿಲ್ಲ, ಐದು ಹೊಡೆದಿಲ್ಲ. ಬೇಡ ಬೇಡ ಎಂದು ಕೈ ಎತ್ತಿ ಅಲ್ಲಾಡಿಸಿದಳು.

“ನೀರು ಬೇಡಾಕತ್ತಾಳ,” ಎಂದು ಗೊಲ್ಲಾಳಮ್ಮ ಚಮಚೆಯಿಂದ ಬಾಯಿಗೆ ನೀರು ಬಿಟ್ಟಳು.

“ಟೆನ್ಶನ್ ತಗೋಬ್ಯಾಡ್ರಿ ಯಜಮಾನ್ರ,” ಎಂದಿತು ಫೋನು. “ಏನಾತು?”

ಬೆಳಿಗ್ಗೆ ಕೇಳಿದ್ದ ಅದೇ ದನಿ, ಅದೇ ಕಟ್ಟಿದ ಮೂಗು. ಚಂದ್ರಾಮಪ್ಪ ಗರ್ರನೆ ತಿರುಗಿದ, ಎರಡು ಹೆಜ್ಜೆಯಲ್ಲಿ ಹೊಸ್ತಿಲಿಗೆ ಬಂದು ಭೀಮರಾಯನ ಬಾಯಿಯನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿದ. ಫೋನು ಮಾತಾಡುತ್ತಲೇ ಇತ್ತು.

“ಹಲೋ? ಅದೀರೇನ್ರಿ?”

ಚಂದ್ರಾಮಪ್ಪ ಅಂಗೈ ತೆಗೆದ, ಮತ್ತೆ ಮುಚ್ಚಿದ. ಫೋನಿಗೂ ಈ ಬಾಯಿಗೂ ಸಂಬಂಧವಿಲ್ಲವೆಂದು ಖಾತ್ರಿಯಾಯಿತು. ಹಾಗಾದರೆ ಬೆಳಗಿನ ನಕಲು ಎಷ್ಟು ಬರಾಬರ್ ಇತ್ತು ಎಂಬುದೂ ತಲೆಗೆ ಹತ್ತಿತು. ಮೆಲ್ಲಗೆ ಕೇಳಿದ, “ನೀವು ಮೂರು ದಿನ ಮಲಗೂ ಪರೀಕ್ಷಾ ಏನರೆ ಇಟ್ಟೀರೇನ್ರಿ?”

“ಮಲಗೂ ಪರೀಕ್ಷಾ? ಇಲ್ರಿ. ಇಟ್ಟಿದ್ರ ಛೊಲೋ ಇತ್ತು. ಹೋದ ತಂಡದಾಗ ಒಬ್ಬರೂ ಪಾಸ್ ಆಗ್ತಿದ್ದಿಲ್ಲ. ಇಳಿದ ದಿನಾನೇ ಮೆಟ್ಟಲ ಏರಾಕ ಹೋಗಿ ತಲಿ ಹಿಡಕೊಂಡು ಕುಂತ್ರು. ಲಗೂ ಹೇಳ್ರಿ, ಹೆಸರು ಇಡಲೋ, ತಗೀಲೋ?”

ಎಲ್ಲರೂ ಮಂಚದ ಕಡೆ ನೋಡಿದರು. ಜೋಳದ ಹಿಟ್ಟಿನ ವಾಸನೆಯ ಅಂಗೈ ಮೇಲಿನಿಂದ ಭೀಮರಾಯನೂ ಅತ್ತ ಕಣ್ಣು ಹೊರಳಿಸಿದ. ಕೌದಿ ಅಲುಗಾಡತೊಡಗಿತು.

“ನಡುಕ ಬಂತು,” ಎಂದಳು ಗೊಲ್ಲಾಳಮ್ಮ. “ಮುಗೀತು.”

ನಡುಕವಲ್ಲ. ಮೊದಲು ಮೂಗಿನಿಂದ, ಆಮೇಲೆ ಗಂಟಲಿನಿಂದ, ಆಮೇಲೆ ಹಾಸ್ಟೆಲಿನ ಇನ್ನೂರು ಹುಡುಗಿಯರನ್ನು ಊಟಕ್ಕೆ ಕರೆಯುತ್ತಿದ್ದ ಆ ಹಳೇ ಎದೆಯಿಂದ ನಗು ಬಂತು. ಬಿಸ್ಕೀಟಿನ ಪೊಟ್ಟಣಗಳು ಒಂದೊಂದಾಗಿ ಮಂಚದಿಂದ ಉದುರಿದವು.

“ಇಡ್ರಿ, ಹೆಸರು ಇಡ್ರಿ,” ಎಂದು ಫೋನಿಗೆ ಕೂಗಿದಳು. “ನಲವತ್ತು ಮಂದಿ ಮುಂದ ಮಲಗೇನಿ, ಹಾಲು ಉಕ್ಕಿದ್ರೂ ಎದ್ದಿಲ್ಲ. ಲ್ಹಾಸಾ ಏನು ಮಾಡೀತು ನನಗ.”

ಚಂದ್ರಾಮಪ್ಪ ನಕ್ಕ, ಖಾಜಾಮಿಯಾ ನಕ್ಕ, ಬಾಯಿ ಬಿಡುಗಡೆಯಾದ ಭೀಮರಾಯ ಹೆದರುತ್ತಲೇ ನಕ್ಕ. ಏನೂ ತಿಳಿಯದ ಗೊಲ್ಲಾಳಮ್ಮನೂ ಚಮಚೆ ಹಿಡಿದೇ ನಕ್ಕಳು.

“ಇನ್ನರೆ ಏಳು ಚಿಗವ್ವ,” ಎಂದ ಭೀಮರಾಯ.

“ಐದಾಗಾಕ ಇನ್ನ ಹತ್ತು ನಿಮಿಷ ಅದ. ಎದ್ದ ಮ್ಯಾಲ ನಿನ್ನ ನೋಡ್ಕೋತೀನಿ,” ಎಂದು ಲಾಲಮ್ಮ ಗುಡ್ಡದವನ ಕಡೆಗೊಮ್ಮೆ ಹೊರಳಿ, ಉಳಿದವರ ನಗುವೆಲ್ಲ ಕೇಳದಂತಾಗುವಷ್ಟು ಜೋರಾಗಿ ನಕ್ಕಳು, ಮಲಗಿಕೊಂಡೇ.